ನಿಮ್ಮ ತಂದೆ ಏನು ಮಾಡ್ತಾರೆ? ಇಂಟರ್‌ವ್ಯೂ ಚರಿತ್ರೆಯ ಕೆಲವು ಪುಟಗಳು

ಶಾನುಭೋಗರನ್ನು ಯಾರಾದರೂ ಇಂಟರ್‌ವ್ಯೂ ಮಾಡಿದ್ದುಂಟೇ? ನಾವಂತೂ ಕೇಳಿಲ್ಲ. ಅಪ್ಪನ ಕಾಲ ಮುಗಿದರೆ ಮಗ, ಮಗನ ಕಾಲ ಮುಗಿದರೆ ಮೊಮ್ಮಗ. ಊರಿನ ಲೆಕ್ಕ, ಖಾತೆ, ಕಂದಾಯ, ಯಾರ ಜಮೀನು ಎಲ್ಲಿಂದ ಎಲ್ಲಿಗೆ ಅನ್ನೋ ಗುಟ್ಟು ಎಲ್ಲಾ ಒಂದೇ ಮನೆಯ ಪೆಟ್ಟಿಗೆಯೊಳಗೆ. ಪಟೇಲಿಕೆಯೂ ಹಾಗೇ. "ನಿನಗೆ ಲೆಕ್ಕ ಬರುತ್ತೇನಪ್ಪಾ? ಜನರ ಹತ್ತಿರ ಹೆಂಗೆ ನಡಕೊಳ್ತೀಯ?" ಅಂತ ಕೇಳೋಕೆ ಯಾವ ಮಂಡಳಿಯೂ ಮೇಜು ಹಾಕಿಕೊಂಡು ಕೂತಿರಲಿಲ್ಲ. ಗ್ರಾಮಾಧಿಕಾರಗಳನ್ನು ರದ್ದು ಮಾಡುವ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದ ಮೇಲೇ ಆ ವಂಶಪಾರಂಪರ್ಯದ ಗಾದಿ ಅಲ್ಲಾಡಿದ್ದು.

ನಮ್ಮವರ ಚಾಕರಿಯೂ ವಂಶಪಾರಂಪರ್ಯವೇ. ತೋಟಿ, ತಳವಾರ, ನೀರುಗಂಟಿ. ಅದಕ್ಕೂ ಇಂಟರ್‌ವ್ಯೂ ಇರಲಿಲ್ಲ, ಬೇಡ ಅನ್ನೋ ದಾರಿಯೂ ಇರಲಿಲ್ಲ. ಜೀತಕ್ಕೆ ಮಾತ್ರ ಒಂದು ಬಗೆಯ ಇಂಟರ್‌ವ್ಯೂ ಇತ್ತು. ಗೌಡ ಜಗಲಿ ಮೇಲೆ, ಹುಡುಗ ಅಂಗಳದಲ್ಲಿ. ತೋಳು ನೋಡೋದು, ಬೆನ್ನು ನೋಡೋದು. "ಉಣ್ಣೋದೆಷ್ಟು, ಗೇಯೋದೆಷ್ಟು?" ಅಂತ ಹುಡುಗನ ಅಪ್ಪನನ್ನು ಕೇಳೋದು. ಹುಡುಗನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. 1976ರ ಜೀತಪದ್ಧತಿ ರದ್ದತಿ ಕಾಯ್ದೆ ಬರುವ ತನಕ ಈ ಆಯ್ಕೆ ಸಮಿತಿಯನ್ನು ಪ್ರಶ್ನೆ ಮಾಡುವ ಕಾನೂನೂ ಗಟ್ಟಿಯಾಗಿರಲಿಲ್ಲ.

ಇದನ್ನೆಲ್ಲ ಮೊದಲೇ ಯಾಕೆ ಹೇಳುತ್ತಿದ್ದೇವೆ ಅಂದರೆ, ಇಂಟರ್‌ವ್ಯೂ ಪತ್ರ ಕೈಗೆ ಬಂದ ದಿನ ನಮ್ಮ ಹಾಸ್ಟೆಲಿನ ಹುಡುಗರು, ಹುಡುಗಿಯರು ಅದನ್ನು ಗ್ರಹಚಾರ ಅನ್ನೋ ಹಾಗೆ ನೋಡುತ್ತಾರೆ. ಬರೆಯೋ ಪರೀಕ್ಷೆಗೆ ಹೆದರದವರು ಇದಕ್ಕೆ ಹೆದರುತ್ತಾರೆ. ಅಲ್ಲಿ ಕೂತವರಿಗೆ ನಮ್ಮೊಳಗೆ ಇರೋದು, ಇಲ್ಲದೆ ಇರೋದು ಎರಡೂ ಕಾಣುತ್ತೆ ಅಂತ ನಂಬುತ್ತಾರೆ. ಗೆಳೆಯರೇ, ಇಂಟರ್‌ವ್ಯೂ ದೇವರು ಮಾಡಿದ್ದಲ್ಲ. ಅದಕ್ಕೆ ಹುಟ್ಟಿದ ವರ್ಷ ಉಂಟು, ಹುಟ್ಟಿಸಿದವರ ಹೆಸರು ಉಂಟು. ಅದರ ಅಂಕ ಏರಿದ್ದು, ಇಳಿದದ್ದು, ಅದಕ್ಕಾಗಿ ಕೋರ್ಟಿನಲ್ಲಿ ನಡೆದ ಜಗಳ ಎಲ್ಲ ದಾಖಲೆಯಲ್ಲಿದೆ. ಈ ಚರಿತ್ರೆ ತಿಳಿದು ಒಳಗೆ ಹೋಗುವುದು ಬೇರೆ, ತಿಳಿಯದೆ ಹೋಗುವುದು ಬೇರೆ.

ಕಂಪನಿ ಸರ್ಕಾರದ ಕಾಲದಲ್ಲಿ ಇಂಗ್ಲೆಂಡಿನಿಂದ ಇಲ್ಲಿಗೆ ಬರುತ್ತಿದ್ದ ಅಧಿಕಾರಿಗಳನ್ನು ಕಂಪನಿಯ ನಿರ್ದೇಶಕರು ತಮ್ಮ ತಮ್ಮ ಕಡೆಯವರಿಂದ ಆರಿಸಿ ಕಳಿಸುತ್ತಿದ್ದರು. ಶಿಫಾರಸಿನ ರಾಜ್ಯ. 1853ರ ಸನ್ನದು ಇದನ್ನು ಮುರಿಯಿತು. 1854ರಲ್ಲಿ ಮೆಕಾಲೆ ಸಮಿತಿ ವರದಿ ಕೊಟ್ಟಿತು, 1855ರಲ್ಲಿ ಲಂಡನ್ನಿನಲ್ಲಿ ಮೊದಲ ಸ್ಪರ್ಧಾತ್ಮಕ ಪರೀಕ್ಷೆ ನಡೆಯಿತು. ಹುಟ್ಟಿನ ಬದಲು ಅಂಕ! ಕೇಳೋಕೆ ಚೆನ್ನಾಗಿದೆ. ಆದರೆ ಪರೀಕ್ಷೆ ನಡೆಯುವುದು ಲಂಡನ್ನಿನಲ್ಲಿ ಮಾತ್ರ. 1922ರಲ್ಲಿ ಅಲಹಾಬಾದಿನಲ್ಲಿ ನಡೆಸುವ ತನಕ ಇಂಡಿಯಾದ ನೆಲದ ಮೇಲೆ ಆ ಪರೀಕ್ಷೆ ನಡೆಯಲೇ ಇಲ್ಲ. ಹಡಗಿನ ಟಿಕೆಟ್ಟಿಗೆ ದುಡ್ಡಿದ್ದವರ ಸಮಾನತೆ ಅದು. ಬರೆದು ಪಾಸಾದ ಮೇಲೆ ಕುದುರೆ ಸವಾರಿಯ ಪರೀಕ್ಷೆ ಬೇರೆ. ಮುಂದೆ ಶ್ರೀ ಅರವಿಂದರಾದ ಅರವಿಂದ ಘೋಷರು 1890ರಲ್ಲಿ ಐಸಿಎಸ್ ಬರವಣಿಗೆಯಲ್ಲಿ ಗೆದ್ದು, 1892ರಲ್ಲಿ ಸವಾರಿ ಪರೀಕ್ಷೆಗೆ ಹೋಗದೆ ಹೊರಗುಳಿದರು. ಅವರು ಬೇಕಂತಲೇ ತಪ್ಪಿಸಿಕೊಂಡರು ಅನ್ನುತ್ತಾರೆ, ಇರಲಿ. ನಮಗೆ ಮುಖ್ಯ ಆಗಬೇಕಾದ್ದು ಬೇರೆ. ಓದಿನಲ್ಲಿ ಗೆದ್ದವನನ್ನು ಓದಲ್ಲದ ಇನ್ನೊಂದರಿಂದ ಜರಡಿ ಹಿಡಿಯುವ ಪದ್ಧತಿ ಆಗಲೇ ಶುರುವಾಗಿತ್ತು.

ಮೊದಲ ಮಹಾಯುದ್ಧದ ಹೊತ್ತಿಗೆ ಕುದುರೆಯ ಜಾಗಕ್ಕೆ ಕುರ್ಚಿ ಬಂತು. 1917ರಲ್ಲಿ ಲೀಥ್ಸ್ ಸಮಿತಿ, ಬರವಣಿಗೆಯ ಜೊತೆಗೆ ಮೌಖಿಕ ಪರೀಕ್ಷೆಯೂ ಇರಲಿ, ಅದಕ್ಕೆ 300 ಅಂಕ ಇರಲಿ ಅಂತ ಶಿಫಾರಸು ಮಾಡಿತು. ಅಭ್ಯರ್ಥಿಯ ಚುರುಕುತನ, ಬುದ್ಧಿ, ಲೋಕವನ್ನು ನೋಡುವ ಬಗೆ ಇದರಿಂದ ತಿಳಿಯುತ್ತೆ ಅಂತ ಅವರ ವಾದ. ಆದರೆ ಚುರುಕುತನ ಅಂದರೆ ಯಾರ ಹಾಗೆ ಚುರುಕು? ಒಳ್ಳೆಯ ನಡೆನುಡಿ ಅಂದರೆ ಯಾರ ಮನೆಯ ನಡೆನುಡಿ? ಅದನ್ನು ಯಾರೂ ಬರೆದಿಡಲಿಲ್ಲ. ಕೂತವರಿಗೆ ಗೊತ್ತಿತ್ತು, ಅಷ್ಟೇ ಸಾಕಾಗಿತ್ತು.

ಇದೇ ವರ್ಷಗಳಲ್ಲಿ ನಮ್ಮ ಮೈಸೂರಿನಲ್ಲಿ ಇನ್ನೊಂದು ಮಾತು ನಡೆಯುತ್ತಿತ್ತು. ಸಂಸ್ಥಾನದ ದೊಡ್ಡ ನೌಕರಿಗಳಲ್ಲಿ ಬಹುಪಾಲು ಒಂದೇ ಜಾತಿಯವರು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಮರುವರ್ಷ ಬ್ರಾಹ್ಮಣೇತರರು ನಾಲ್ವಡಿ ಕೃಷ್ಣರಾಜ ಒಡೆಯರ ಹತ್ತಿರ ಹೋಗಿ ನಮ್ಮ ಪಾಲೆಲ್ಲಿ ಅಂದರು. ಮಹಾರಾಜರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ದಕ್ಷತೆ ಕೆಡುತ್ತೆ ಅನ್ನೋದು ಅವರ ಚಿಂತೆ. 1918ರಲ್ಲೇ ಅವರು ದಿವಾನಗಿರಿ ಬಿಟ್ಟರು.

ಮಿಲ್ಲರ್ ಸಮಿತಿ 1919ರಲ್ಲಿ ಕೊಟ್ಟ ವರದಿಯಲ್ಲಿ ಒಂದು ಮಾತಿದೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ಅದನ್ನು ತಿಳಿದಿರಬೇಕು. ಅಧಿಕಾರಿಯ ದಕ್ಷತೆಯನ್ನು ಬರೀ ಪರೀಕ್ಷೆಯ ಓದಿನಿಂದ ಅಳೆಯೋಕೆ ಬರೋದಿಲ್ಲ, ಜನರ ಮೇಲಿನ ಸಹಾನುಭೂತಿ, ಪ್ರಾಮಾಣಿಕತೆ, ಹುರುಪು, ಲೋಕಜ್ಞಾನ ಇವೂ ಅಷ್ಟೇ ಮುಖ್ಯ ಅನ್ನೋದು ಅದರ ತಾತ್ಪರ್ಯ. 1921ರ ಸರ್ಕಾರಿ ಆದೇಶಕ್ಕೆ ಈ ವರದಿಯೇ ಆಧಾರ. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ಸಿಗಬೇಕು ಅನ್ನೋ ಗುರಿ ಇಟ್ಟುಕೊಂಡರು. ಅದರ ಫಲ ಹೆಚ್ಚಾಗಿ ಉಂಡವರು ಭೂಮಿ ಇದ್ದ, ಸಂಖ್ಯೆ ಇದ್ದ ಜಾತಿಗಳು. ಹೊಲಗೇರಿ, ಮಾದಿಗರ ಹಟ್ಟಿಗೆ ಬಂದು ಮುಟ್ಟಿದ್ದು ತೀರಾ ಕಡಿಮೆ. ಅಕ್ಷರವೇ ಬಂದಿರಲಿಲ್ಲ, ನೌಕರಿ ಎಲ್ಲಿಂದ ಬರಬೇಕು? ಆದರೂ ಆ ಮಾತು ದೊಡ್ಡದು.

ಚರಿತ್ರೆಯ ತಮಾಷೆ ನೋಡಿ. ಬರೀ ಅಂಕ ಸಾಲದು, ಮನುಷ್ಯನನ್ನೂ ನೋಡಿ ಅಂತ ಮೈಸೂರಿನಲ್ಲಿ ಹೇಳಿದ್ದು ಹಿಂದುಳಿದವರನ್ನು ಒಳಗೆ ಕರೆದುಕೊಳ್ಳೋಕೆ. ಅದೇ ಮಾತನ್ನು ಇಂಟರ್‌ವ್ಯೂ ಕೋಣೆಗಳು ಮುಂದೆ ಬಳಸಿದ್ದು ಅಂಕ ತೆಗೆದು ಬಂದವರನ್ನು ಹೊರಗೆ ಕಳಿಸೋಕೆ. ನಾವು ಓದದೇ ಇದ್ದಾಗ ಓದೇ ದೊಡ್ಡದು ಅಂದರು. ನಾವು ಓದಿ ಬಂದಾಗ "ಓದಿದರೆ ಸಾಕೇನ್ರಿ, ಪರ್ಸನಾಲಿಟಿ ಬೇಡವೇ?" ಅಂದರು.

ಸುಮ್ಮನೆ ಆರೋಪ ಮಾಡುತ್ತಿದ್ದೇವೆ ಅನ್ನಿಸಿದರೆ 1950ನೇ ಇಸವಿ ನೋಡಿ. ಗಣರಾಜ್ಯ ಹುಟ್ಟಿದ ವರ್ಷ. ಅಂಬೇಡ್ಕರರ ಸಂವಿಧಾನ ಜಾರಿಗೆ ಬಂದ ವರ್ಷ. ಆ ವರ್ಷದ ಐಎಎಸ್ ಪರೀಕ್ಷೆಯಲ್ಲಿ ಬಂಗಾಳದ ಅಚ್ಯುತಾನಂದ ದಾಸ್ ಅನ್ನೋ ಪರಿಶಿಷ್ಟ ಜಾತಿಯ ಅಭ್ಯರ್ಥಿ ಬರವಣಿಗೆಯಲ್ಲಿ 613 ಅಂಕ ತೆಗೆದರು. ಕೊನೆಗೆ ಇಡೀ ದೇಶಕ್ಕೆ ಮೊದಲನೆಯವರಾಗಿ ಬಂದ ಮದ್ರಾಸಿನ ಅಭ್ಯರ್ಥಿಗೆ ಬರವಣಿಗೆಯಲ್ಲಿ ಬಂದಿದ್ದು 602. ಆಮೇಲೆ 300 ಅಂಕದ ಇಂಟರ್‌ವ್ಯೂ. ಮದ್ರಾಸಿನವರಿಗೆ 260, ದಾಸ್ ಅವರಿಗೆ 110. ಬರವಣಿಗೆಯಲ್ಲಿ ಹನ್ನೊಂದು ಅಂಕ ಮುಂದಿದ್ದ ಮನುಷ್ಯ ಒಂದು ಬಾಗಿಲು ದಾಟಿ ಹೊರಗೆ ಬರುವಷ್ಟರಲ್ಲಿ 139 ಅಂಕ ಹಿಂದೆ ಬಿದ್ದಿದ್ದರು. ಪಟ್ಟಿಯಲ್ಲಿ 48ನೇ ಜಾಗ. ಆಗೆಲ್ಲ ಇಂಟರ್‌ವ್ಯೂನಲ್ಲಿ ಕನಿಷ್ಠ ಅಂಕ ಬಾರದಿದ್ದರೆ ಬರವಣಿಗೆಯಲ್ಲಿ ಎಷ್ಟು ತೆಗೆದರೂ ಫೇಲು. ದಾಸ್ ಅಷ್ಟರಿಂದ ಪಾರಾಗಿ ಪರಿಶಿಷ್ಟ ಜಾತಿಯ ಮೊದಲ ಐಎಎಸ್ ಅಧಿಕಾರಿಯಾದರು. ಆ ಕನಿಷ್ಠ ಅಂಕದ ನಿಯಮ 1950ರ ದಶಕದಲ್ಲೇ ಹೋಯಿತು.

ಆ ಕೋಣೆಯೊಳಗೆ ಏನು ಕೇಳಿದರು, ದಾಸ್ ಏನು ಹೇಳಿದರು ಅನ್ನೋದು ಗೋಡೆಗಳಿಗೇ ಗೊತ್ತು. ಆದರೆ ಲೆಕ್ಕ ಹಾಕೋದಕ್ಕೆ ಗೋಡೆಗಳ ಸಾಕ್ಷಿ ಬೇಕಾಗಿಲ್ಲ. ಬರೆದ ಹಾಳೆ ತಿದ್ದಿದವನಿಗೆ ಬರೆದವನ ಮುಖ ಕಾಣಲಿಲ್ಲ, ಅದಕ್ಕೇ 613. ಮುಖ ಕಂಡ ತಕ್ಷಣ 110.

ಹೆಣ್ಣಿಗೂ ಅದೇ ಬಾಗಿಲು. ಕೊಡಗಿನ ಸಿ.ಬಿ. ಮುತ್ತಮ್ಮ ದಲಿತರಲ್ಲ, ಆದರೂ ಅವರ ಕತೆ ಇಲ್ಲಿಗೆ ಸೇರಬೇಕಾದ್ದು. ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಅವರು, 1949ರಲ್ಲಿ. ಇಂಟರ್‌ವ್ಯೂ ಮಂಡಳಿಯ ಅಧ್ಯಕ್ಷರು ಅವರಿಗೆ ಆ ಸೇವೆ ಹೆಂಗಸರಿಗೆ ಆಗಿಬರೋದಿಲ್ಲ ಅಂತ ಬುದ್ಧಿ ಹೇಳಿದ್ದರು. ಮದುವೆ ಆದರೆ ರಾಜೀನಾಮೆ ಕೊಡುತ್ತೇನೆ ಅಂತ ಮುಚ್ಚಳಿಕೆ ಬರೆಸಿಕೊಂಡೇ ಒಳಗೆ ಬಿಟ್ಟರು. ಮೂವತ್ತು ವರ್ಷ ಆದಮೇಲೆ, 1979ರಲ್ಲಿ, ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇಂಥ ನಿಯಮಗಳನ್ನು ಕಟುವಾಗಿ ಟೀಕಿಸಿದರು. ಇವತ್ತೂ ನಮ್ಮ ಅಕ್ಕತಂಗಿಯರನ್ನು "ಮದುವೆ ಆದಮೇಲೆ ಕೆಲಸ ಬಿಟ್ಟುಬಿಡ್ತೀಯೇನಮ್ಮಾ?" ಅಂತ ಕೇಳೋದು ನಿಂತಿಲ್ಲ. ಆ ಪ್ರಶ್ನೆಗೆ ಎಪ್ಪತ್ತು ವರ್ಷ ದಾಟಿ ವಯಸ್ಸಾಗಿದೆ, ನಿವೃತ್ತಿ ಮಾತ್ರ ಆಗಿಲ್ಲ.

ಮತ್ತೆ ಮೈಸೂರಿಗೆ ಬರೋಣ. 1962ರಲ್ಲಿ ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಮೈಸೂರು ಸರ್ಕಾರದ ಶೇಕಡಾ 68ರ ಮೀಸಲಾತಿಯನ್ನು ಹೊಡೆದುಹಾಕಿತು. ಅದರ ಬೆನ್ನಿಗೇ ಇಂಜಿನಿಯರಿಂಗ್, ಮೆಡಿಕಲ್ ಕಾಲೇಜಿನ ಸೀಟುಗಳಿಗೆ ಇಂಟರ್‌ವ್ಯೂ ಬಂತು. ಐಚ್ಛಿಕ ವಿಷಯಗಳ ಒಟ್ಟು ಅಂಕದ ಶೇಕಡಾ 25ರಷ್ಟು ಅಂಕ ಅದಕ್ಕೆ. ಯಾವುದನ್ನು ನೋಡಿ ಕೊಡಬೇಕು? ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಹಿಂದಿನ ಓದಿನ ವಿಶೇಷ, ಎನ್‌ಸಿಸಿ, ಆಟೋಟ, ಚರ್ಚಾಸ್ಪರ್ಧೆ, ನಾಟಕ. ಸಂಜೆ ಸ್ಕೂಲು ಬಿಟ್ಟ ಕೂಡಲೇ ದನ ಹೊಡಕೊಂಡು ಬರೋಕೆ ಓಡುತ್ತಿದ್ದ ಹುಡುಗ ಎಲ್ಲಿ ನಾಟಕ ಆಡಬೇಕು, ಯಾವ ಟೆನಿಸ್ ಬ್ಯಾಟು ಹಿಡೀಬೇಕು? ದನ ಕಾಯೋದಕ್ಕೆ ಆ ಪಟ್ಟಿಯಲ್ಲಿ ಅಂಕ ಇರಲಿಲ್ಲ. ಚಿತ್ರಲೇಖಾ ಅವರ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1964ರಲ್ಲಿ ಬಹುಮತದ ತೀರ್ಪು ಇಂಟರ್‌ವ್ಯೂ ಪದ್ಧತಿಯನ್ನು ಎತ್ತಿ ಹಿಡಿಯಿತು. ನ್ಯಾಯಮೂರ್ತಿ ಮುಧೋಳ್ಕರ್ ಒಬ್ಬರು ಬಹುಮತದ ಜೊತೆ ನಿಲ್ಲಲಿಲ್ಲ.

ಎಪ್ಪತ್ತರ ದಶಕದ ಕತೆ ನಮ್ಮ ಓದುಗರಿಗೆ ಹೊಸದಲ್ಲ. 1973ರ ಬೂಸಾ ಗಲಾಟೆ, ಹಾಸ್ಟೆಲುಗಳಲ್ಲಿ ಬಿದ್ದ ಏಟು, 1975ರ ಹಾವನೂರು ವರದಿ, ದಲಿತ ಸಂಘರ್ಷ ಸಮಿತಿ, 1979ರ ಬಂಡಾಯ ಸಮ್ಮೇಳನ. ಬೀದಿಯಲ್ಲಿ ಧ್ವನಿ ಎದ್ದ ಆ ಕಾಲದಲ್ಲೇ ಕೋರ್ಟಿನೊಳಗೂ ಇಂಟರ್‌ವ್ಯೂ ಮೇಲೆ ಅನುಮಾನ ಶುರುವಾಯಿತು.

ಅದರಲ್ಲಿ ಅಜಯ್ ಹಾಸಿಯಾ ಮೊಕದ್ದಮೆಯನ್ನು ಬಿಡಿಸಿ ಹೇಳಬೇಕು. ಶ್ರೀನಗರದ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು. ಬರವಣಿಗೆಗೆ 100 ಅಂಕ, ಮೌಖಿಕಕ್ಕೆ 50. ಒಟ್ಟಿನಲ್ಲಿ ಮೂರರಲ್ಲೊಂದು ಪಾಲು ಬಾಯಿ ಮಾತಿಗೆ. ಒಬ್ಬೊಬ್ಬ ಅಭ್ಯರ್ಥಿಗೆ ಕೊಟ್ಟ ಹೊತ್ತು ಎರಡು ಮೂರು ನಿಮಿಷ. ಒಂದು ಬೀಡಿ ಸೇದಿ ಮುಗಿಸೋಕೂ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಆ ನಿಮಿಷಗಳಲ್ಲಿ ಕೇಳಿದ್ದು ತಂದೆತಾಯಿ ಯಾರು, ಮನೆ ಎಲ್ಲಿ ಅನ್ನೋದನ್ನ. ಇಂಜಿನಿಯರಿಂಗಿಗೂ ಅಪ್ಪನ ಹೆಸರಿಗೂ ಏನು ಸಂಬಂಧ? 1980ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಇದನ್ನೇ ಕೇಳಿತು. ನ್ಯಾಯಮೂರ್ತಿ ಭಗವತಿಯವರು ಬರೆದ ತೀರ್ಪು, ಇಂಥ ಪ್ರವೇಶಕ್ಕೆ ಮೌಖಿಕದ ಅಂಕ ಶೇಕಡಾ 15 ದಾಟಿದರೆ ಅದು ಮನಬಂದಂತೆ ನಡೆದ ಹಾಗೆ ಅಂತ ಹೇಳಿತು. ಇಂಟರ್‌ವ್ಯೂಗಳನ್ನು ಟೇಪ್ ರೆಕಾರ್ಡ್ ಮಾಡಿದರೆ ಒಳ್ಳೆಯದು ಅಂತಲೂ ಹೇಳಿತು. ಆಗಿಹೋಗಿದ್ದ ಆಯ್ಕೆಯನ್ನು ಮಾತ್ರ ರದ್ದು ಮಾಡಲಿಲ್ಲ. ನ್ಯಾಯ ಬಂತು, ಸ್ವಲ್ಪ ತಡವಾಗಿ, ಮುಂದಿನವರಿಗೆ.

1985ರಲ್ಲಿ ಹರಿಯಾಣದ ಲೋಕಸೇವಾ ಆಯೋಗದ ಸರದಿ. ಅಶೋಕ್ ಕುಮಾರ್ ಯಾದವ್ ಮೊಕದ್ದಮೆ. 61 ಹುದ್ದೆಗೆ 1300ಕ್ಕೂ ಹೆಚ್ಚು ಜನರನ್ನು ಇಂಟರ್‌ವ್ಯೂಗೆ ಕರೆದಿದ್ದರು. ಅಷ್ಟೊಂದು ಜನರನ್ನು ಕರೆದರೆ ಬರವಣಿಗೆಯ ಅಂಕಕ್ಕೆ ಬೆಲೆ ಎಲ್ಲಿ ಉಳಿಯಿತು? ಹುದ್ದೆಯ ಎರಡರಷ್ಟು, ಹೆಚ್ಚೆಂದರೆ ಮೂರರಷ್ಟು ಜನರನ್ನು ಕರೆಯಿರಿ, ಮಂಡಳಿಯ ಸದಸ್ಯರ ಹತ್ತಿರದ ನೆಂಟರು ಬಂದಾಗ ಆ ಸದಸ್ಯರು ಎದ್ದು ಹೊರಗೆ ಹೋಗಲಿ, ಇಂಟರ್‌ವ್ಯೂ ಅಂಕ ಶೇಕಡಾ 12.2 ದಾಟದಿರಲಿ ಅಂತ ಕೋರ್ಟು ಹೇಳಿತು. ನೆಂಟ ಬಂದಾಗ ಎದ್ದು ಹೋಗಬೇಕು ಅನ್ನೋದನ್ನೂ ಕೋರ್ಟೇ ಹೇಳಿಕೊಡಬೇಕಾಯಿತು ನೋಡಿ!

ನಮ್ಮ ಕರ್ನಾಟಕದ ಆಯೋಗ ಹುಟ್ಟಿದ್ದು 1951ರಲ್ಲಿ. ಗೆಜೆಟೆಡ್ ಪ್ರೊಬೇಷನರ್ ಇಂಟರ್‌ವ್ಯೂಗೆ ಬಹುಕಾಲ 200 ಅಂಕ ಇತ್ತು. 2011ರ ತಂಡದ 362 ಹುದ್ದೆಗಳ ಕತೆ ಪೇಪರು ಓದುವವರಿಗೆಲ್ಲ ಗೊತ್ತು. ಇಂಟರ್‌ವ್ಯೂ ಅಂಕಕ್ಕೆ ದುಡ್ಡು ಕೇಳಿದರು ಅನ್ನೋ ದೂರು, 2013ರಲ್ಲಿ ಸಿಐಡಿ ತನಿಖೆ, 2014ರಲ್ಲಿ ಪಟ್ಟಿಯನ್ನೇ ಸರ್ಕಾರ ವಾಪಸ್ ತೆಗೆದದ್ದು, ಕೋರ್ಟುಗಳ ಅಲೆದಾಟ, ಕೊನೆಗೆ 2022ರಲ್ಲಿ ಆ ಆಯ್ಕೆಯನ್ನು ಊರ್ಜಿತ ಮಾಡೋಕೆ ಒಂದು ಕಾಯ್ದೆ. ಸಾಲ ಮಾಡಿ ಓದಿ, ನ್ಯಾಯವಾಗಿ ಗೆದ್ದವರೂ ಆ ಪಟ್ಟಿಯಲ್ಲಿ ಇದ್ದರು. ಅವರು ಹತ್ತು ವರ್ಷ ಕಳಂಕ ಹೊತ್ತು ತಿರುಗಿದರು. ಈಗ ಆ 200 ಅಂಕ 25ಕ್ಕೆ ಇಳಿದಿದೆ. ಒಂದು ಕೋಣೆಯ ಹೊಟ್ಟೆ ಕರಗಬೇಕಾದರೆ ಇಷ್ಟು ವರ್ಷ ಬೇಕಾಯಿತು.

ಇಂಟರ್‌ವ್ಯೂ ಇಲ್ಲದೆ ಆಡಳಿತ ಕೆಡುತ್ತೆ ಅನ್ನೋರಿಗೆ ನಮ್ಮ ಪ್ರೈಮರಿ ಸ್ಕೂಲು ತೋರಿಸಬೇಕು. 1990ರ ದಶಕದಲ್ಲಿ ಎಚ್.ಜಿ. ಗೋವಿಂದೇಗೌಡರು ಶಿಕ್ಷಣ ಮಂತ್ರಿಯಾಗಿದ್ದಾಗ ಹತ್ತಾರು ಸಾವಿರ ಮೇಷ್ಟ್ರುಗಳ ನೇಮಕ ಆಯಿತು. ಅಂಕ ಮತ್ತು ಮೀಸಲಾತಿ ನೋಡಿ ಪಟ್ಟಿ ಮಾಡಿದರು. ಯಾರ ಮನೆ ಬಾಗಿಲನ್ನೂ ಕಾಯಬೇಕಾಗಿರಲಿಲ್ಲ. ಎಷ್ಟೋ ಹಟ್ಟಿಗಳಲ್ಲಿ ಮೊದಲ ಸರ್ಕಾರಿ ಸಂಬಳ ಬಂದದ್ದು ಆ ಪಟ್ಟಿಯಿಂದ. ಇದನ್ನು ಓದುತ್ತಿರುವ ಮೇಷ್ಟ್ರುಗಳಲ್ಲೂ ಕೆಲವರು ಅದೇ ಪಟ್ಟಿಯವರು ಇರಬಹುದು. ಅವರು ಪಾಠ ಮಾಡಿದ ಮಕ್ಕಳು ಈಗ ಡಿಗ್ರಿ ಮುಗಿಸಿ ಇಂಟರ್‌ವ್ಯೂಗೆ ಹೊರಟಿದ್ದಾರೆ.

ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಕೆಳಗಿನ ದರ್ಜೆಯ ಹುದ್ದೆಗಳಿಗೆ ಇಂಟರ್‌ವ್ಯೂ ತೆಗೆದುಹಾಕಿತು. ಒಳ್ಳೆಯದೇ. ಆದರೆ ಅಂಥ ಕೆಲಸಗಳೇ ಈಗ ಹೊರಗುತ್ತಿಗೆಗೆ ಹೋಗುತ್ತಿವೆಯಲ್ಲ! ಬಾಗಿಲು ತೆಗೆದಿಟ್ಟು ಮನೆಯನ್ನೇ ಬೇರೆ ಕಡೆ ಸಾಗಿಸಿದ ಹಾಗೆ.

ಇನ್ನೊಂದು ಹುನ್ನಾರವನ್ನು ಮರೆಯಬಾರದು. ಮೀಸಲು ಹುದ್ದೆಗೆ ಕರೆಯೋದು, ಇಂಟರ್‌ವ್ಯೂ ಮಾಡೋದು, "ಅರ್ಹರು ಯಾರೂ ಸಿಗಲಿಲ್ಲ" ಅಂತ ಷರಾ ಬರೆಯೋದು. ಹೀಗೆ ಖಾಲಿ ಬಿದ್ದ ಹುದ್ದೆಯನ್ನು ಆಮೇಲೆ ಸಾಮಾನ್ಯ ವರ್ಗಕ್ಕೆ ತಿರುಗಿಸೋದು. ನೇರ ನೇಮಕಾತಿಯಲ್ಲಿ ಹಾಗೆ ತಿರುಗಿಸಬಾರದು ಅಂತ ಕೇಂದ್ರ ಸರ್ಕಾರ 1989ರಲ್ಲಿ ನಿಷೇಧ ಹಾಕಿತು. ಆದರೂ 2024ರ ಜನವರಿಯಲ್ಲಿ ಯುಜಿಸಿಯ ಒಂದು ಕರಡು ಅದೇ ಕಿಂಡಿಯನ್ನು ತೆರೆಯೋಕೆ ಹೊರಟಾಗ ದೇಶದ ತುಂಬ ಪ್ರತಿಭಟನೆ ಆಯಿತು. ಮೀಸಲು ಹುದ್ದೆ ಯಾವುದನ್ನೂ ತಿರುಗಿಸೋದಿಲ್ಲ ಅಂತ ಶಿಕ್ಷಣ ಮಂತ್ರಾಲಯ ಹೇಳಿಕೆ ಕೊಡಬೇಕಾಯಿತು. "ಅರ್ಹರು ಸಿಗಲಿಲ್ಲ" ಅನ್ನೋ ಷರಾ ಬರೆಯುವ ಕೈ ಯಾವಾಗಲೂ ಒಂದು ಇಂಟರ್‌ವ್ಯೂ ಕೋಣೆಯೊಳಗೇ ಇರುತ್ತೆ.

ಇನ್ನು ಖಾಸಗಿ ಕಂಪನಿಗಳು. ಅಲ್ಲಿ ಜಾತಿ ಯಾರು ಕೇಳ್ತಾರೆ, ಕೆಲಸ ಬಂದರೆ ಸಾಕು ಅನ್ನೋ ಮಾತು ಬೆಂಗಳೂರಿನಲ್ಲಿ ದಿನಾ ಕೇಳಿಬರುತ್ತೆ. 2007ರಲ್ಲಿ ಸುಖದೇವ್ ಥೋರಟ್, ಪಾಲ್ ಆಟ್ವೆಲ್ ಒಂದು ಅಧ್ಯಯನ ಪ್ರಕಟಿಸಿದರು. ಪೇಪರಿನ ಜಾಹೀರಾತು ನೋಡಿ ಖಾಸಗಿ ಕಂಪನಿಗಳಿಗೆ ಅರ್ಜಿ ಹಾಕಿದರು. ಒಂದೇ ಓದು, ಒಂದೇ ಅನುಭವ, ಹೆಸರು ಮಾತ್ರ ಬೇರೆ ಬೇರೆ. ಮೇಲ್ಜಾತಿಯ ಹೆಸರಿಗೆ ಕರೆ ಬರುವ ಸಾಧ್ಯತೆಯ ಎದುರು ದಲಿತ ಹೆಸರಿಗೆ ಇದ್ದದ್ದು ಸುಮಾರು ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದು ಪಾಲು. ಅಂದರೆ ಇಂಟರ್‌ವ್ಯೂ ಶುರುವಾಗೋದು ನಾವು ಕುರ್ಚಿಯಲ್ಲಿ ಕೂತಾಗ ಅಲ್ಲ, ಹೆಸರಿನ ಸಾಲು ಓದಿದಾಗ. ಸುರಿಂದರ್ ಜೋಧ್ಕಾ, ಕ್ಯಾಥರೀನ್ ನ್ಯೂಮನ್ ದೆಹಲಿಯ ದೊಡ್ಡ ಕಂಪನಿಗಳಲ್ಲಿ ಕೆಲಸಕ್ಕೆ ಆಳು ಆರಿಸುವ ಮ್ಯಾನೇಜರುಗಳನ್ನು ಮಾತಾಡಿಸಿದರು. ನಮಗೆ ಬೇಕಾದ್ದು ಪ್ರತಿಭೆ ಮಾತ್ರ ಅಂತ ಮ್ಯಾನೇಜರುಗಳು ಹೇಳಿದರು. ಹಾಗೇ ಮಾತು ಮುಂದುವರಿದಾಗ, ಮನೆತನದ ಹಿನ್ನೆಲೆ ಕೇಳಿಯೇ ಕೇಳುತ್ತೇವೆ ಅಂತಲೂ ಹೇಳಿದರು. ಅಪ್ಪ ಏನು ಮಾಡ್ತಾರೆ, ಅಣ್ಣ ಏನು ಓದಿದ್ದಾನೆ, ಊರೋ ಸಿಟಿಯೋ. ಆ ಮ್ಯಾನೇಜರುಗಳಿಗೆ ಪ್ರತಿಭೆಯೂ ಮನೆತನವೂ ಬೇರೆ ಬೇರೆ ಅಂತ ಅನ್ನಿಸಿರಲೇ ಇಲ್ಲ.

ಗೌಡನ ಅಂಗಳದಲ್ಲಿ ಅಪ್ಪನನ್ನು ಕೇಳಿದ್ದು, ಶ್ರೀನಗರದಲ್ಲಿ ಹುಡುಗನನ್ನು ಕೇಳಿದ್ದು, ದೆಹಲಿಯ ಎ.ಸಿ. ರೂಮಿನಲ್ಲಿ ಕೇಳೋದು ಒಂದೇ. ನಿನ್ನಪ್ಪ ಯಾರು? ನಮ್ಮನ್ನೂ ಕೇಳಿದ್ದಾರೆ. ಒಂದು ಊರಿನ ಒಂದು ಕಾಲೇಜಿನ ಉಪನ್ಯಾಸಕರ ಕೆಲಸಕ್ಕೆ ಹೋದಾಗ ಎಂ.ಎ. ಅಂಕಪಟ್ಟಿಯನ್ನು ಮೇಜಿನ ಮೇಲೆ ಮಗುಚಿ ಇಟ್ಟು, "ಊರಿನಲ್ಲಿ ಮನೆ ಯಾವ ಕಡೆ ಬರುತ್ತೆ?" ಅಂತ ಕೇಳಿದರು. ದಿಕ್ಕು ಹೇಳಿದರೆ ಜಾತಿ ತಿಳಿಯುತ್ತಲ್ಲ.

ಹಾಗಾದರೆ ಏನು ಮಾಡೋದು? ಹೋಗದೆ ಇರೋದಂತೂ ಅಲ್ಲ. ಅಚ್ಯುತಾನಂದ ದಾಸ್ 110 ಅಂಕ ತಗೊಂಡೂ ಒಳಗೆ ಹೋದರು.

ಮೊದಲು ಅಂಕದ ಪಾಲು ತಿಳಿಯಿರಿ. ಯುಪಿಎಸ್‌ಸಿಯಲ್ಲಿ 2025ಕ್ಕೆ 275, ನಮ್ಮ ಆಯೋಗದಲ್ಲಿ 25. ಬರವಣಿಗೆಯಲ್ಲಿ ಕೂಡಿಟ್ಟುಕೊಂಡದ್ದನ್ನು ಯಾವ ಮಂಡಳಿಯೂ ಸುಲಭಕ್ಕೆ ಕಿತ್ತುಕೊಳ್ಳೋಕೆ ಆಗದ ಹಾಗೆ ಈ ಪಾಲು ಇಳಿಸಿದ್ದು ಮೊಕದ್ದಮೆಗಳ, ಹೋರಾಟಗಳ ಫಲ. ಅದಕ್ಕೇ ಬರವಣಿಗೆಯೇ ನಮ್ಮ ಕೋಟೆ.

ಆಮೇಲೆ ಅರ್ಜಿ. ನಾವು ತುಂಬಿದ ಒಂದೊಂದು ಸಾಲೂ ಒಂದೊಂದು ಪ್ರಶ್ನೆ ಅಂತ ತಿಳೀಬೇಕು. ಹವ್ಯಾಸ ಅನ್ನೋ ಕಡೆ ನಮ್ಮ ಹುಡುಗರು "ಪುಸ್ತಕ ಓದುವುದು" ಅಂತ ಬರೀತಾರೆ. ಯಾವ ಪುಸ್ತಕ ಅಂತ ಕೇಳಿದರೆ ಗೈಡು ನೆನಪಾಗುತ್ತೆ. ಸುಳ್ಳು ಯಾಕೆ? ತಮಟೆ ಬಾರಿಸೋದು ಗೊತ್ತಿದ್ದರೆ ಅದನ್ನು ಬರೀರಿ. ಎಷ್ಟು ಬಗೆಯ ಹೊಡೆತ, ಮದುವೆಗೆ ಯಾವುದು, ಸಾವಿಗೆ ಯಾವುದು, ಚರ್ಮ ಹದ ಮಾಡೋದು ಹೇಗೆ, ಬೆಂಕಿಗೆ ಹಿಡಿಯೋದು ಯಾಕೆ ಅಂತ ಹತ್ತು ನಿಮಿಷ ಮಾತಾಡೋಕೆ ನಮಗೆ ಯಾವ ಗೈಡೂ ಬೇಡ. ತಮಟೆಯನ್ನು ಚಾಕರಿಯಾಗಿ ಬಡಿಯೋದಿಲ್ಲ ಅಂದ ನಮ್ಮ ಹಿರಿಯರ ಜಗಳವನ್ನೂ ಹೇಳಬಹುದು.

ಅಪ್ಪನ ಪ್ರಶ್ನೆ ಬಂದೇ ಬರುತ್ತೆ. "ಅಗ್ರಿಕಲ್ಚರ್" ಅಂತ ಗೊಣಗಿ ತಲೆ ಬಗ್ಗಿಸೋದು ನಾವೆಲ್ಲ ಕಲಿತ ಪಾಠ. ನೆಲವಿಲ್ಲದವನ ಮಗ ಅಗ್ರಿಕಲ್ಚರ್ ಅಂದರೆ ಮುಂದಿನ ಪ್ರಶ್ನೆ "ಎಷ್ಟು ಎಕರೆ?" ಅಂತಲೇ. ಅದರ ಬದಲು ಹೀಗೆ ಹೇಳಿನೋಡಿ: ನಮ್ಮಪ್ಪ ನೀರುಗಂಟಿ ಸಾರ್, ಊರಿನ ಕೆರೆಯ ತೂಬು ಎತ್ತೋದು, ಗದ್ದೆಗಳಿಗೆ ಸರದಿ ಮೇಲೆ ನೀರು ಬಿಡೋದು ಅವರ ಕೆಲಸ. ಬೇಸಿಗೆಯಲ್ಲಿ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನೋ ಲೆಕ್ಕ ಅವರ ತಲೆಯಲ್ಲೇ ಇರುತ್ತೆ. ನಮ್ಮವ್ವ ನಾಟಿ ಹಾಕ್ತಾರೆ, ದಿನಕ್ಕೆ ಕೂಲಿ ಇಷ್ಟು, ಗಂಡಾಳಿಗೆ ಕೊಡೋದು ಇಷ್ಟು. ಇದನ್ನು ಕೇಳಿದ ಮಂಡಳಿಯವರು ಮುಂದಿನ ಪ್ರಶ್ನೆಯನ್ನು ನೀರಾವರಿ ಮೇಲೋ ಕನಿಷ್ಠ ಕೂಲಿ ಮೇಲೋ ಕೇಳಬೇಕಾಗುತ್ತೆ. ಅದು ನಮ್ಮ ನೆಲ. ಎಲ್ಲರೂ ಹಾಗೇ ಕೇಳ್ತಾರೆ ಅಂತ ನಾವು ಗ್ಯಾರಂಟಿ ಕೊಡೋದಿಲ್ಲ. ಆದರೆ ತಲೆ ಬಗ್ಗಿಸಿ ಹೇಳಿದ ಉತ್ತರದಿಂದ ಯಾರಿಗೂ ಒಂದು ಅಂಕ ಹೆಚ್ಚಿಗೆ ಬಂದದ್ದನ್ನು ನಾವು ಕಾಣೆವು.

ಮೀಸಲಾತಿ ಬಗ್ಗೆ ಕೇಳಿದರೆ ಸಿಟ್ಟು ಬರೋದು ಸಹಜ. ಸಿಟ್ಟನ್ನು ಹೊರಗೆ ಇಟ್ಟು ಇಸವಿಗಳನ್ನು ಒಳಗೆ ತಗೊಂಡು ಹೋಗಿ. ದಕ್ಷತೆ ಹಾಳಾಗುತ್ತಲ್ಲ ಅಂದರೆ 1919ರ ಮಿಲ್ಲರ್ ವರದಿ ಹೇಳಿ. ಈ ವಾದವನ್ನು ನಮ್ಮ ಮೈಸೂರು ನೂರು ವರ್ಷದ ಹಿಂದೆಯೇ ಕೇಳಿ, ಉತ್ತರ ಕೊಟ್ಟು, ಆದೇಶವನ್ನೂ ಹೊರಡಿಸಿತ್ತು ಅಂತ ಮೆಲ್ಲಗೆ ಹೇಳಿ. ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ ಸಾರ್" ಅನ್ನಿ, ನೀಟಾಗಿ, ಒಂದೇ ಸಲ. ಇಂಗ್ಲಿಷು ತಡವರಿಸಿದರೆ, ಯುಪಿಎಸ್‌ಸಿಯಲ್ಲಿ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಕನ್ನಡದಲ್ಲೇ ಇಂಟರ್‌ವ್ಯೂ ಕೊಡೋಕೆ ಅವಕಾಶ ಇದೆ. ಕೊಠಾರಿ ಸಮಿತಿ ಆದಮೇಲೆ 1979ರಿಂದ ನಮ್ಮ ಭಾಷೆಗಳಿಗೆ ಆ ಪರೀಕ್ಷೆಯ ಬಾಗಿಲು ತೆರೆಯಿತು. ಅದನ್ನು ಬಳಸಿಕೊಳ್ಳೋದಕ್ಕೆ ನಾಚಿಕೆ ಬೇಡ.

ಮೈಯನ್ನೂ ಪಳಗಿಸಬೇಕು. ಇದನ್ನು ಯಾವ ಕೋಚಿಂಗಿನವರೂ ಹೇಳೋದಿಲ್ಲ. ತಲೆತಲಾಂತರ ಅಂಗಳದಲ್ಲಿ ನಿಂತು ಮಾತಾಡಿದ ಮೈ ನಮ್ಮದು. ಕೂತ್ಕೊಳ್ಳಿ ಅಂದರೆ ಕುರ್ಚಿಯ ತುದಿಯಲ್ಲಿ ಕೂರುತ್ತೇವೆ, ಯಾರೋ ಏಳು ಅನ್ನೋದಕ್ಕೆ ಮೊದಲೇ ಏಳೋಕೆ ಸಿದ್ಧವಾಗಿ. ಮಂಡಳಿಯವರಿಗೆ ಅದು ಅಳುಕಿನ ಹಾಗೆ ಕಾಣುತ್ತೆ. ಅದು ಅಳುಕಲ್ಲ, ಚರಿತ್ರೆ. ಆದರೆ ಚರಿತ್ರೆಗೆ ಅಂಕ ಕೊಡೋ ಕಾಲಂ ಅವರ ಹಾಳೆಯಲ್ಲಿ ಇಲ್ಲ. ಆದ್ದರಿಂದ ಹಾಸ್ಟೆಲಿನಲ್ಲೇ ಅಭ್ಯಾಸ ಮಾಡಿ. ರಾತ್ರಿ ಊಟ ಆದಮೇಲೆ ವಾರ್ಡನ್ ರೂಮಿನ ಮೇಜು ಈಚೆಗೆ ತಂದು, ಮೂರು ಜನ ಸೀನಿಯರುಗಳು ಆ ಕಡೆ ಕೂತು, ಒಬ್ಬೊಬ್ಬರನ್ನೇ ಕರೀಲಿ. ಊರಿನ ಮೇಷ್ಟ್ರು ಒಬ್ಬರು ಬಂದು ಕೂತರೆ ಇನ್ನೂ ಒಳ್ಳೆಯದು. ಕೇಳೋ ಪ್ರಶ್ನೆಯಲ್ಲಿ ಅಪ್ಪ, ಕೇರಿ, ಮದುವೆ, ಮೀಸಲಾತಿ ಎಲ್ಲಾ ಇರಲಿ, ಚುಚ್ಚೋ ಧ್ವನಿಯಲ್ಲೇ ಇರಲಿ. 1980ರಲ್ಲಿ ಸುಪ್ರೀಂ ಕೋರ್ಟು ಟೇಪ್ ರೆಕಾರ್ಡರ್ ಇಡಿ ಅಂತ ಹೇಳಿದ್ದನ್ನು ಎಷ್ಟು ಮಂಡಳಿಗಳು ಪಾಲಿಸಿದವೋ, ನಮ್ಮ ಜೇಬಿನಲ್ಲಂತೂ ಈಗ ಮೊಬೈಲು ಇದೆ. ನಮ್ಮ ಮಾತನ್ನು ರೆಕಾರ್ಡ್ ಮಾಡಿ ನಾವೇ ಕೇಳೋಣ. ಮೊದಲ ಸಲ ಕೇಳಿದಾಗ ನಮ್ಮ ಧ್ವನಿ ನಮಗೇ ಬೇರೆಯವರದು ಅನ್ನಿಸುತ್ತೆ. ಹತ್ತನೇ ಸಲಕ್ಕೆ ನಮ್ಮದೇ ಆಗುತ್ತೆ.

ಇಂಟರ್‌ವ್ಯೂ ಮುಗಿಸಿ ಹೊರಗೆ ಬಂದವರು ಕೇಳಿದ ಪ್ರಶ್ನೆಗಳನ್ನೆಲ್ಲ ಅವತ್ತೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ತಾರೀಖು, ಎಷ್ಟು ನಿಮಿಷ, ಯಾವ ಪ್ರಶ್ನೆ, ಏನು ಉತ್ತರ. ಹಾಸ್ಟೆಲಿಗೆ ಒಂದು ನೋಟ್‌ಬುಕ್ಕು ಇರಲಿ, ಹೊಸಬರಿಗೆ ಓದೋಕೆ ಸಿಗಲಿ. ನಾಳೆ ಯಾರಾದರೂ ಕೋರ್ಟಿಗೆ ಹೋಗಬೇಕಾದರೂ ಶ್ರೀನಗರದ ಹುಡುಗರ ಹಾಗೆ ನಿಮಿಷದ ಲೆಕ್ಕ ಹೇಳೋಕೆ ಅದು ಬೇಕಾಗುತ್ತೆ. ಇನ್ನೊಂದು, ಕರೆಪತ್ರವನ್ನು ಕೊನೆಯ ಸಾಲಿನ ತನಕ ಓದಿ. ಕೇಂದ್ರದ ಎಷ್ಟೋ ನೌಕರಿಗಳ ಇಂಟರ್‌ವ್ಯೂಗೆ ಹೋಗುವ ಪರಿಶಿಷ್ಟರಿಗೆ ರೈಲಿನ ಎರಡನೇ ದರ್ಜೆಯ ಚಾರ್ಜು ವಾಪಸ್ ಕೊಡುತ್ತಾರೆ. ಅದರ ಫಾರಂ ಅಲ್ಲೇ ಗುಮಾಸ್ತರ ಮೇಜಿನ ಮೇಲೆ ಇರುತ್ತೆ, ಅವರಾಗಿ ಕೊಡದೆ ಇರಬಹುದು. ಕೇಳಿ ಇಸಕೊಳ್ಳಿ. ಟಿಕೆಟ್ಟು ಬಿಸಾಕಬೇಡಿ, ಜಾತಿ ಸರ್ಟಿಫಿಕೇಟಿನ ಜೆರಾಕ್ಸ್ ಒಂದು ಜಾಸ್ತಿ ಇಟ್ಟುಕೊಂಡಿರಿ.